ಮೆಂತ್ಯ: ಅಡಿಗೆಯಲ್ಲಿಯೂ ಔಷಧದಲ್ಲಿಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ದಕ್ಷಿಣ ಬೆಂಗಳೂರಿನ ಭಕ್ತವೃಂದದ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)

 

ಶ್ರೀಮಠಕ್ಕೆ ಬಂದವರು ಮೊದಲು ಗದ್ದುಗೆಯ ದರ್ಶನವನ್ನು ಪಡೆಯುವರು. ಬಳಿಕ ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವರು. ದಾಸೋಹದ ಮನೆಯಲ್ಲಿ ಒಲೆ ಉರಿಯುವುದು ಹಸಿದವರ ಹೊಟ್ಟೆಯನ್ನು ತುಂಬಿಸುವುದಕ್ಕಾಗಿ. ಆದರೆ ಹೊಟ್ಟೆ ತುಂಬಿದರೆ ಮಾತ್ರ ಸಾಲದು; ಉಂಡ ಅನ್ನವು ಮೈಗೆ ಹಿತವಾಗಿಯೂ ಇರಬೇಕು. ಬಸವಾದಿ ಶರಣರು ಕಾಯವನ್ನು ಹೀಗಳೆದವರಲ್ಲ. ಅದನ್ನು ಕಾಯಕಕ್ಕೆ ಸಾಧನವೆಂದು ಬಗೆದವರು. ಕಾಯವು ಕೆಟ್ಟರೆ ಕಾಯಕವು ನಿಲ್ಲುವುದು. ಕಾಯಕವು ನಿಂತರೆ ದಾಸೋಹಕ್ಕೂ ಆಧಾರವಿಲ್ಲದಂತಾಗುವುದು. ಆದುದರಿಂದ ಅಡಿಗೆಮನೆಯ ಒಗ್ಗರಣೆ ಡಬ್ಬಿಯ ಒಂದು ಮೂಲೆಯಲ್ಲಿರುವ ಸಣ್ಣ ಕಾಳೊಂದರ ವಿಚಾರವನ್ನು ಇಂತಹ ಮಹೋತ್ಸವದ ಸಭೆಯಲ್ಲಿ ಎತ್ತುವುದು ಅನುಚಿತವೆನಿಸಲಾರದು. ಆ ಕಾಳೇ ಮೆಂತ್ಯ.

ಮೆಂತ್ಯದ ವಿಷಯದಲ್ಲಿ ಜನರು ಸಾಮಾನ್ಯವಾಗಿ ಎರಡು ಬಗೆಯ ತಪ್ಪುಗಳನ್ನು ಮಾಡುವರು. ಕೆಲವರು ಅದರ ಕಹಿಗೆ ಹೆದರಿ ಅದನ್ನು ಅಡಿಗೆಯಿಂದಲೇ ದೂರ ಮಾಡುವರು. ಮತ್ತೆ ಕೆಲವರು ಅದನ್ನು ಸಕಲ ರೋಗಗಳಿಗೂ ರಾಮಬಾಣವೆಂದು ನಂಬಿ, ವೈದ್ಯರು ಕೊಟ್ಟ ಔಷಧವನ್ನು ಬದಿಗಿಟ್ಟು ಅದನ್ನೇ ಆಶ್ರಯಿಸುವರು. ಮೊದಲನೆಯ ತಪ್ಪಿನಿಂದ ನಾಲಗೆಗೂ ಮೈಗೂ ನಷ್ಟ. ಎರಡನೆಯದರಿಂದ ಕೆಲವು ಸಲ ಪ್ರಾಣಕ್ಕೇ ಅಪಾಯ. ಈ ಎರಡರ ನಡುವೆ ಮೆಂತ್ಯಕ್ಕೆ ನ್ಯಾಯವಾಗಿ ಸಲ್ಲತಕ್ಕ ಸ್ಥಾನ ಯಾವುದೆಂಬುದನ್ನು ವಿಚಾರ ಮಾಡುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಗಿಡದ ಪರಿಚಯ. ಮೆಂತ್ಯವು ಹುರುಳಿ, ಕಡಲೆ, ಅವರೆ ಮೊದಲಾದ ದ್ವಿದಳ ಧಾನ್ಯಗಳ ವರ್ಗಕ್ಕೆ ಸೇರಿದ ಒಂದು ಪುಟ್ಟ ಗಿಡ. ಎತ್ತರವು ಸುಮಾರು ಒಂದರಿಂದ ಎರಡು ಅಡಿ. ಒಂದೊಂದು ತೊಟ್ಟಿನಲ್ಲಿ ಮೂರು ಮೂರು ಎಲೆಗಳಿರುವುವು. ಹೂವು ಬಿಳಿ ಅಥವಾ ತಿಳಿ ಹಳದಿ. ಕಾಯಿ ಕುಡಗೋಲಿನಂತೆ ತುಸು ಬಾಗಿದ್ದು ತುದಿಯಲ್ಲಿ ಕೊಕ್ಕಿನಂತೆ ಚೂಪಾಗಿರುವುದು. ಒಂದು ಕಾಯಿಯಲ್ಲಿ ಹತ್ತರಿಂದ ಇಪ್ಪತ್ತರವರೆಗೆ ಬೀಜಗಳಿರುವುವು. ಬೀಜದ ಮೇಲೆ ಓರೆಯಾಗಿ ಒಂದು ಗೀರು ಇರುವುದನ್ನು ಗಮನಿಸಿದವರು ಬಲ್ಲರು. ದ್ವಿದಳ ವರ್ಗದ ಇತರ ಗಿಡಗಳಂತೆ ಇದರ ಬೇರಿನ ಗಂಟುಗಳಲ್ಲಿಯೂ ಗಾಳಿಯ ಸಾರಜನಕವನ್ನು ಹಿಡಿದಿಡುವ ಸೂಕ್ಷ್ಮಜೀವಿಗಳು ವಾಸಿಸುವುದರಿಂದ, ಮೆಂತ್ಯವನ್ನು ಬೆಳೆದ ಹೊಲವು ಬಡವಾಗದೆ ಪುಷ್ಟಿಗೊಳ್ಳುವುದು.

ಸಂಸ್ಕೃತದಲ್ಲಿ ಇದಕ್ಕೆ ಮೇಥಿಕಾ ಎಂದು ಹೆಸರು. ಹಿಂದಿಯವರು ಮೇಥಿ ಎನ್ನುವರು, ತೆಲುಗರು ಮೆಂತುಲು ಎನ್ನುವರು, ತಮಿಳರು ವೆಂದಯವೆನ್ನುವರು. ಉತ್ತರ ಕರ್ನಾಟಕದಲ್ಲಿ ಮೆಂತೆ ಎಂಬ ರೂಪವೇ ರೂಢಿ. ಸಸ್ಯಶಾಸ್ತ್ರಜ್ಞರು ಇದನ್ನು ಟ್ರೈಗೊನೆಲ್ಲಾ ಫೀನಮ್-ಗ್ರೀಕಮ್ ಎಂದು ಕರೆಯುವರು. ಲ್ಯಾಟಿನ್ ಭಾಷೆಯಲ್ಲಿ ಫೀನಮ್-ಗ್ರೀಕಮ್ ಎಂದರೆ ‘ಗ್ರೀಕರ ಹುಲ್ಲು’ ಎಂದರ್ಥ. ರೋಮಿನವರು ಇದನ್ನು ದನಕರುಗಳ ಮೇವಾಗಿ ಬಳಸುತ್ತಿದ್ದುದೇ ಆ ಹೆಸರಿಗೆ ಕಾರಣ. ಭರತಖಂಡದಲ್ಲಿ 16ನೆಯ ಶತಮಾನದಲ್ಲಿ ಭಾವಮಿಶ್ರನು ರಚಿಸಿದ ಭಾವಪ್ರಕಾಶವೆಂಬ ವೈದ್ಯಗ್ರಂಥದಲ್ಲಿಯೂ, ಕಾಡುಮೆಂತ್ಯವು ಗುಣದಲ್ಲಿ ಸ್ವಲ್ಪ ಕಡಮೆಯಾದರೂ ಕುದುರೆಗಳಿಗೆ ಶ್ರೇಷ್ಠವೆಂದು ಹೇಳಿರುವುದು ಇಲ್ಲಿ ಸ್ಮರಣೀಯ. ಪಶ್ಚಿಮದಲ್ಲಿಯೂ ಪೂರ್ವದಲ್ಲಿಯೂ ಇದರ ಗುಣವನ್ನು ಮೂಕಪ್ರಾಣಿಗಳ ಮೇವಿನಲ್ಲಿಯೂ ಕಂಡುಕೊಂಡಿದ್ದರು.

ಇದರ ಬಳಕೆ ಎಷ್ಟು ಹಳೆಯದೆಂಬುದಕ್ಕೆ ನೆಲದೊಳಗಿಂದ ಸಾಕ್ಷ್ಯ ದೊರೆತಿರುವುದು. ಇರಾಕ್ ದೇಶದ ತೆಲ್ ಹಲಾಲ್ ಎಂಬಲ್ಲಿ ಅಗೆದಾಗ ಸಿಕ್ಕ ಸುಟ್ಟು ಕರಿಕಾದ ಮೆಂತ್ಯದ ಕಾಳುಗಳು ಕ್ರಿಸ್ತಪೂರ್ವ ಸುಮಾರು 4000 ವರ್ಷಗಳಷ್ಟು ಹಿಂದಿನವೆಂದು ನಿರ್ಣಯಿಸಲಾಗಿದೆ. ಈಜಿಪ್ಟಿನ ಅರಸ ತುತನ್‌ಖಾಮೆನ್ನನ ಸಮಾಧಿಯಲ್ಲಿ ಅವನೊಡನೆ ಇಟ್ಟಿದ್ದ ವಸ್ತುಗಳಲ್ಲಿಯೂ ಒಣಗಿದ ಮೆಂತ್ಯದ ಬೀಜಗಳು ಇದ್ದುವು. ಇಂದು ಜಗತ್ತಿನಲ್ಲಿ ಅತ್ಯಧಿಕವಾಗಿ ಮೆಂತ್ಯವನ್ನು ಬೆಳೆಯುವ ದೇಶ ಭಾರತವೇ. ಅದರಲ್ಲಿಯೂ ಕಾಳಿನ ಬೆಳೆಗೆ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತು ಪ್ರಾಂತಗಳು ಪ್ರಸಿದ್ಧವಾದವು. ಬೆಂಗಳೂರಿನ ಸುತ್ತಮುತ್ತ ಇದನ್ನು ಬೆಳೆಯುವುದು ವಿಶೇಷವಾಗಿ ಸೊಪ್ಪಿಗಾಗಿ.

ಬೆಂಗಳೂರಿಗೂ ಸೊಪ್ಪಿಗೂ ಇರುವ ಸಂಬಂಧವು ಹಳೆಯದು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ತೋಟದ ದಕ್ಷಿಣಕ್ಕೆ ಒಂದು ಕಾಲದಲ್ಲಿ ಎಡಿಯೂರು, ಬೈರಸಂದ್ರ, ಸಾರಕ್ಕಿ, ಕತ್ರಿಗುಪ್ಪೆ, ತಾವರೆಕೆರೆ, ಮಡಿವಾಳ ಮೊದಲಾದ ಹಳ್ಳಿಗಳಿದ್ದುವು. ಹಳ್ಳಿಗಳ ಮಗ್ಗುಲಲ್ಲಿ ಕೆರೆಗಳಿದ್ದುವು. ಕೆರೆಗಳ ಕೆಳಗೆ ತೋಟಗಳಿದ್ದುವು. ತೋಟಗಾರಿಕೆಯಲ್ಲಿ ನಿಪುಣರಾದ ತಿಗಳ ಜನಾಂಗದವರು ಪೇಟೆಗೆ ಸೊಪ್ಪು ತರಕಾರಿಗಳನ್ನು ಒದಗಿಸುತ್ತಿದ್ದರು. 1948ರಲ್ಲಿ ಜಯನಗರದ ಬಡಾವಣೆಗೆ ಅಸ್ತಿವಾರವು ಬಿದ್ದಿತು. ಅನಂತರ ಬನಶಂಕರಿ, ಜೆ.ಪಿ.ನಗರಗಳು ಬೆಳೆದುವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳು ಕೂಡಿ ಬಿ.ಟಿ.ಎಂ. ಬಡಾವಣೆಯೆಂಬ ಹೆಸರು ಹುಟ್ಟಿತು. ಸೊಪ್ಪಿನ ಮಡಿಗಳಿದ್ದ ಕಡೆ ಮನೆಗಳೆದ್ದುವು. ಆದರೂ ಸೊಪ್ಪು ಬರುವುದು ನಿಲ್ಲಲಿಲ್ಲ. ಬರುವ ದಾರಿಯು ಮಾತ್ರ ಉದ್ದವಾಯಿತು. ಜಯನಗರದ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಗೂ, ಸಾರಕ್ಕಿಯ ಮಾರುಕಟ್ಟೆಗೂ, ಮಡಿವಾಳದ ಮಾರುಕಟ್ಟೆಗೂ ಇಂದು ನಗರದ ಹೊರಗಣ ಹಳ್ಳಿಗಳಿಂದ ಮೆಂತ್ಯಸೊಪ್ಪಿನ ಕಟ್ಟುಗಳು ಬರುವುವು. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದಲ್ಲಿರುವ ಈ ನೆಲದ ತಂಪು ಹವೆಯು ಮೆಂತ್ಯಕ್ಕೆ ಒಗ್ಗುವುದರಿಂದ ಇಲ್ಲಿ ಬಹುಮಟ್ಟಿಗೆ ವರ್ಷವಿಡೀ ಸೊಪ್ಪು ದೊರೆಯುವುದು. ಚಳಿಗಾಲದ ಸೊಪ್ಪು ಮಾತ್ರ ಎಲ್ಲಕ್ಕಿಂತ ಸೊಗಸು.

ಹೊಲವಿಲ್ಲದವರೂ ಇದನ್ನು ಬೆಳೆದುಕೊಳ್ಳಬಹುದು. ಅಡಿಗೆಮನೆಯ ಡಬ್ಬಿಯಲ್ಲಿರುವ ಕಾಳನ್ನೇ ಒಂದು ರಾತ್ರಿ ನೆನೆಯಿಟ್ಟು, ಗೇಣುದ್ದ ಆಳದ ತೊಟ್ಟಿಯ ಮಣ್ಣಿನಲ್ಲಿ ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ ನೀರು ಚಿಮುಕಿಸಿದರೆ, ಮೂರು ನಾಲ್ಕು ದಿನಗಳಲ್ಲಿ ಮೊಳಕೆ ಕಾಣಿಸಿಕೊಳ್ಳುವುದು. ಮೂರು ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುವುದು. ಮಹಡಿಯ ಮೇಲೆ ಬಿಸಿಲು ಬೀಳುವ ಎರಡು ಮೊಳ ಜಾಗವಿದ್ದರೆ ಸಾಕು. ಆದರೆ ಬಿತ್ತನೆಗೆಂದು ಅಂಗಡಿಯಲ್ಲಿ ಮಾರುವ ಬೀಜಕ್ಕೆ ಹುಳು ಹಿಡಿಯದಂತೆ ವಿಷದ ಪುಡಿಯನ್ನು ಸವರಿರುವುದುಂಟು. ಅಂತಹ ಬೀಜವನ್ನು ಬಿತ್ತಬಹುದೇ ಹೊರತು ಎಂದಿಗೂ ತಿನ್ನಬಾರದು.

ಇನ್ನು ಅಡಿಗೆಯ ವಿಚಾರ. ಕನ್ನಡಿಗರಿಗೆ ಅಡಿಗೆಯು ಕೇವಲ ಒಲೆಯ ಕೆಲಸವಾಗಿರದೆ ಶಾಸ್ತ್ರವೂ ಆಗಿದ್ದಿತು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವೆಂಬ ಕೃತಿಯನ್ನೇ ಬರೆದನು. ವೀರಶೈವ ಅರಸನಾದ ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೆಂಬ ಮಹಾಕೋಶದಲ್ಲಿ ರಾಜನೀತಿ, ಸಂಗೀತ ಮೊದಲಾದ ವಿದ್ಯೆಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನವುಂಟು. ಇಂತಹ ನಾಡಿನಲ್ಲಿ ಕಹಿಯಾದ ಕಾಳೊಂದನ್ನು ರುಚಿಗೆ ತಿರುಗಿಸುವ ಉಪಾಯಗಳು ಮನೆಮನೆಯಲ್ಲಿಯೂ ಬೆಳೆದುಬಂದುದರಲ್ಲಿ ಆಶ್ಚರ್ಯವಿಲ್ಲ.

ಮೆಂತ್ಯದ ಕಹಿಯನ್ನು ಅಂಕೆಯಲ್ಲಿಡುವ ಉಪಾಯಗಳು ಮುಖ್ಯವಾಗಿ ನಾಲ್ಕು: ಹುರಿಯುವುದು, ನೆನೆಯಿಡುವುದು, ಮೊಳಕೆ ಬರಿಸುವುದು, ಹುಳಿ ಬೆಲ್ಲಗಳೊಡನೆ ಬೆರಸುವುದು. ಹುರಿಯುವುದರಲ್ಲಿ ಹದವೇ ಎಲ್ಲವೂ. ಸಣ್ಣ ಉರಿಯಲ್ಲಿ ಕೆಂಪಗೆ ಹುರಿದ ಕಾಳಿನಿಂದ ಘಮಘಮಿಸುವ ಪರಿಮಳವು ಹೊರಡುವುದು. ಅರೆನಿಮಿಷ ತಡವಾಗಿ ಅದು ಕಪ್ಪಾದರೆ ಇಡೀ ಪಾತ್ರೆಯ ಹುಳಿಯೇ ಕಹಿಯಾಗುವುದು. ಹುಳಿಪುಡಿ, ಗೊಜ್ಜಿನ ಪುಡಿ, ಉಪ್ಪಿನಕಾಯಿಯ ಪುಡಿ ಇವುಗಳಲ್ಲಿ ಹುರಿದ ಮೆಂತ್ಯವಿಲ್ಲದಿದ್ದರೆ ಏನೋ ಕೊರತೆಯೆಂದು ನಾಲಗೆಯು ಕೂಡಲೆ ಗುರುತಿಸುವುದು. ಮಾವಿನಕಾಯಿಯ ಉಪ್ಪಿನಕಾಯಿಯಲ್ಲಿ ಸಾಸಿವೆ, ಇಂಗುಗಳ ಜೊತೆ ಅದು ಸೇರಿ ಹುಳಿಯ ಕಟುತ್ವವನ್ನು ತಗ್ಗಿಸುವುದು.

ಮೈಸೂರು ಸೀಮೆಯ ಮನೆಗಳಲ್ಲಿ ಮೆಂತ್ಯದ ಹಿಟ್ಟು ಎಂಬುದೊಂದುಂಟು. ಅಕ್ಕಿ, ಗೋದಿ, ಕಡಲೆಬೇಳೆ, ಉದ್ದಿನಬೇಳೆ ಮೊದಲಾದುವನ್ನೂ ಮೆಂತ್ಯವನ್ನೂ ಬೇರೆ ಬೇರೆಯಾಗಿ ಹುರಿದು, ಅರಿಸಿನ ಇಂಗುಗಳನ್ನು ಸೇರಿಸಿ ಬೀಸಿಟ್ಟುಕೊಳ್ಳುವರು. ಅವಸರಕ್ಕೆ ಅದನ್ನು ಬಿಸಿ ಅನ್ನಕ್ಕೆ ತುಪ್ಪದೊಡನೆ ಕಲಸಿಕೊಳ್ಳಬಹುದು. ಮೊಸರಿಗೆ ಕಲಸಿ ಒಗ್ಗರಣೆ ಕೊಟ್ಟರೆ ಅದೇ ಒಂದು ಗೊಜ್ಜು. ಮಲೆನಾಡಿನವರು ಮೆಂತ್ಯವನ್ನು ತುಪ್ಪದಲ್ಲಿ ಹುರಿದು ತೆಂಗಿನತುರಿಯೊಡನೆ ಅರೆದು ಮಜ್ಜಿಗೆಯಲ್ಲಿ ಕದಡಿ ತಂಬುಳಿಯನ್ನು ಮಾಡುವರು. ಬೇಸಗೆಯ ಮಧ್ಯಾಹ್ನಕ್ಕೆ ಅದಕ್ಕಿಂತ ತಂಪಾದುದು ಇಲ್ಲ. ಉತ್ತರ ಕರ್ನಾಟಕದಲ್ಲಿ ಎಳೆಯ ಮೆಂತೆಸೊಪ್ಪನ್ನು ಬೇಯಿಸದೆಯೇ, ಹಸಿ ಈರುಳ್ಳಿಯೊಡನೆ ಜೋಳದ ರೊಟ್ಟಿಗೆ ನಂಚಿಕೊಳ್ಳುವರು. ಅದನ್ನೇ ಹೆಚ್ಚಿ ಪಚಡಿ ಮಾಡುವರು. ಹಿಟ್ಟಿನಲ್ಲಿ ಕಲಸಿ ಮೆಂತೆಕಡಬು ಬೇಯಿಸುವರು. ಧಾರವಾಡ, ವಿಜಯಪುರ, ಕಲಬುರಗಿಗಳಿಂದ ಬಂದು ಬೆಂಗಳೂರಿನ ದಕ್ಷಿಣಭಾಗದಲ್ಲಿ ನೆಲೆಸಿದ ಮನೆತನಗಳು ಈ ಪದ್ಧತಿಯನ್ನು ಇಲ್ಲಿಗೂ ತಂದಿರುವುವು. ಅಕ್ಕಿರೊಟ್ಟಿಗೆ ಹೆಚ್ಚಿ ಹಾಕಿದ ಮೆಂತ್ಯಸೊಪ್ಪು, ಮೆಂತ್ಯಸೊಪ್ಪಿನ ಬಾತು, ಚಳಿಗಾಲದಲ್ಲಿ ಅವರೆಕಾಳಿನೊಡನೆ ಕೂಡಿಸಿದ ಮೆಂತ್ಯಸೊಪ್ಪು ಇವು ಇಲ್ಲಿಯ ಮನೆಗಳ ನಿತ್ಯದ ತಿನಿಸುಗಳು.

ದೋಸೆಯ ಹಿಟ್ಟಿಗೆ ಒಂದು ಚಮಚೆ ಮೆಂತ್ಯವನ್ನು ಉದ್ದಿನೊಡನೆ ನೆನೆಹಾಕುವ ಪದ್ಧತಿಯನ್ನು ಬಲ್ಲದ ಗೃಹಿಣಿಯಿಲ್ಲ. ಅದಕ್ಕೆ ಕಾರಣವೂ ಉಂಟು. ನೆನೆದ ಮೆಂತ್ಯದಿಂದ ಹೊರಡುವ ಲೋಳೆಯು ಹಿಟ್ಟನ್ನು ಒಂದುಗೂಡಿಸಿ, ಹುದುಗುವಾಗ ಹುಟ್ಟುವ ಗಾಳಿಯ ಗುಳ್ಳೆಗಳು ಹಾರಿಹೋಗದಂತೆ ಹಿಡಿಯುವುದು. ಇದರಿಂದ ದೋಸೆಯು ಮೆದುವಾಗಿಯೂ, ಹೆಂಚಿನ ಮೇಲೆ ಹೊಂಬಣ್ಣವಾಗಿಯೂ ಬರುವುದು. ಈ ಲೋಳೆಯನ್ನು ನೆನಪಿನಲ್ಲಿಡಬೇಕು. ಔಷಧದ ವಿಚಾರದಲ್ಲಿ ಮುಖ್ಯವಾಗಿ ಕೆಲಸ ಮಾಡುವುದೂ ಇದೇ.

ಮೆಂತ್ಯದ ಕಾಳನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ, ಅದರ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕವೆಂದೂ, ಹೆಚ್ಚು ಕಡಮೆ ಅರ್ಧಭಾಗ ನಾರೆಂದೂ ತಿಳಿದುಬಂದಿತು. ಆ ನಾರಿನಲ್ಲಿ ದೊಡ್ಡ ಪಾಲು ನೀರಿನಲ್ಲಿ ಉಬ್ಬಿ ಲೋಳೆಯಾಗತಕ್ಕುದು. ಅದಕ್ಕೆ ಗ್ಯಾಲಕ್ಟೋಮ್ಯಾನನ್ ಎಂದು ಹೆಸರು. ಇದಲ್ಲದೆ ಟ್ರೈಗೊನೆಲ್ಲಿನ್ ಎಂಬ ಕ್ಷಾರ, ಸಪೋನಿನ್ನುಗಳೆಂಬ ಕಹಿವಸ್ತುಗಳು, ನಾಲ್ಕು-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ವಿಶೇಷವಾದ ಅಮೈನೋ ಆಮ್ಲ ಇವೂ ಇರುವುವು. ಹುರಿದಾಗ ಹೊರಡುವ ಪರಿಮಳಕ್ಕೆ ಮುಖ್ಯ ಕಾರಣ ಸೊಟೊಲೋನ್ ಎಂಬ ವಸ್ತು. ಮೆಂತ್ಯವನ್ನು ಹೆಚ್ಚಾಗಿ ತಿಂದವರ ಬೆವರಿನಲ್ಲಿಯೂ ಮೂತ್ರದಲ್ಲಿಯೂ ಅದೇ ವಾಸನೆಯು ಬರುವುದು. ಇದು ರೋಗವಲ್ಲ, ಗಾಬರಿಪಡಬೇಕಾದುದಿಲ್ಲ. ಸೊಪ್ಪಿನಲ್ಲಿಯಾದರೋ ಸುಣ್ಣದ ಅಂಶ, ಕಬ್ಬಿಣದ ಅಂಶ, ಕಣ್ಣಿಗೆ ಹಿತವಾದ ಕ್ಯಾರೊಟಿನ್ ಇವು ಸಮೃದ್ಧವಾಗಿರುವುವು.

ಔಷಧವಾಗಿ ಮೆಂತ್ಯದ ಖ್ಯಾತಿಯು ಆಯುರ್ವೇದದಲ್ಲಿ ಸ್ಥಿರವಾದುದು. ಅದು ವಾತವನ್ನು ಶಮನಗೊಳಿಸುವುದೆಂದೂ, ಕಫವನ್ನು ಕಳೆಯುವುದೆಂದೂ, ಜ್ವರವನ್ನು ನೀಗುವುದೆಂದೂ ಭಾವಪ್ರಕಾಶವು ಹೇಳುವುದು. ಅದೇ ಗ್ರಂಥವು ಮೆಂತ್ಯ, ಅಳ್ವಿ, ಕರಿಜೀರಿಗೆ, ಓಮ ಈ ನಾಲ್ಕು ಬೀಜಗಳ ಕೂಟಕ್ಕೆ ಚತುರ್ಬೀಜವೆಂದು ಹೆಸರಿಟ್ಟು ಅಜೀರ್ಣ, ಹೊಟ್ಟೆಯುಬ್ಬರ ಮುಂತಾದುವಕ್ಕೆ ವಿಧಿಸಿದೆ. ಈ ನಾಲ್ಕೂ ಅಡಿಗೆಮನೆಯ ಪರಿಚಿತ ವಸ್ತುಗಳೇ ಎಂಬುದು ಗಮನಾರ್ಹವಾದ ಸಂಗತಿ.

ಮನೆವೈದ್ಯದಲ್ಲಿ ಅಜ್ಜಿಯರು ಮೆಂತ್ಯವನ್ನು ಹಲವು ಬಗೆಯಾಗಿ ಉಪಯೋಗಿಸುತ್ತ ಬಂದಿರುವರು. ಭೇದಿಯಾದಾಗ ಹುರಿದ ಮೆಂತ್ಯದ ಪುಡಿಯನ್ನು ಮೊಸರಿನಲ್ಲಿ ಕಲಸಿ ಕೊಡುವರು. ಮಲಬದ್ಧತೆಗೆ ನೆನೆದ ಕಾಳನ್ನು ನುಂಗಿಸುವರು. ಒಂದೇ ವಸ್ತುವು ಈ ಎರಡು ವಿರುದ್ಧ ಸ್ಥಿತಿಗಳಲ್ಲಿಯೂ ಉಪಯೋಗಕ್ಕೆ ಬರುವುದು ವಿಚಿತ್ರವಾಗಿ ತೋರಬಹುದು. ಆದರೆ ಲೋಳೆಯ ಸ್ವಭಾವವೇ ಹಾಗೆ: ಹೆಚ್ಚಾದ ನೀರನ್ನು ಹೀರಿಕೊಳ್ಳುವುದು, ಗಟ್ಟಿಯಾದುದನ್ನು ಮೆದುಗೊಳಿಸುವುದು. ಕುರು ಎದ್ದಾಗ ಅರೆದ ಮೆಂತ್ಯವನ್ನು ಬೆಚ್ಚಗೆ ಮಾಡಿ ಕಟ್ಟುವರು. ತಲೆಯ ಹೊಟ್ಟಿಗೂ ಕೂದಲಿನ ನಯಕ್ಕೂ ನೆನೆದ ಮೆಂತ್ಯವನ್ನು ನುಣ್ಣಗೆ ಅರೆದು ಹಚ್ಚಿ ಸ್ನಾನ ಮಾಡುವರು. ಬಾಣಂತಿಯರಿಗೆ ಮೆಂತ್ಯದ ಮುದ್ದೆಯನ್ನೋ ಉಂಡೆಯನ್ನೋ ಬೆಲ್ಲ ತುಪ್ಪಗಳೊಡನೆ ಕೊಡುವುದು ನಾಡಿನ ಉದ್ದಗಲಕ್ಕೂ ಇರುವ ಸಂಪ್ರದಾಯ. ಇದರಿಂದ ಎದೆಹಾಲು ಹೆಚ್ಚುವುದೆಂಬ ನಂಬಿಕೆಯು ಬಲವಾದುದು. ಈ ವಿಷಯದಲ್ಲಿ ಈಚೆಗೆ ನಡೆದ ಪರೀಕ್ಷೆಗಳು ಸಣ್ಣವು, ಅವುಗಳ ಫಲವೂ ಒಂದೇ ತೆರನಾಗಿಲ್ಲ; ಆದರೆ ಆ ಉಂಡೆಯಲ್ಲಿರುವ ಬೆಲ್ಲ, ತುಪ್ಪ, ಕಾಳು ಇವು ಬಳಲಿದ ತಾಯಿಗೆ ಪುಷ್ಟಿಯನ್ನು ಕೊಡುವುದರಲ್ಲಿ ಸಂದೇಹವಿಲ್ಲ.

ಈಗ ಪ್ರಕೃತ ಕಾಲದ ಅತ್ಯಂತ ಮುಖ್ಯವಾದ ವಿಚಾರಕ್ಕೆ ಬರಬೇಕಾಗಿದೆ. ಅದು ಸಿಹಿಮೂತ್ರವೆಂದೂ ಸಕ್ಕರೆ ಕಾಯಿಲೆಯೆಂದೂ ಕರೆಯಲ್ಪಡುವ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿಗೆ ಈ ರೋಗವುಂಟು. ಇನ್ನೂ 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿರುವರು. ಹಳ್ಳಿಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 9 ಮಂದಿಗೆ ಈ ರೋಗವಿದ್ದರೆ ನಗರಗಳಲ್ಲಿ ನೂರಕ್ಕೆ 16ಕ್ಕೂ ಹೆಚ್ಚು ಮಂದಿಗೆ ಇರುವುದು. ಬೆಳಗಿನ ಹೊತ್ತು ಜಯನಗರದ ಉದ್ಯಾನಗಳಲ್ಲಿಯೂ ಲಾಲ್‌ಬಾಗಿನಲ್ಲಿಯೂ ವೇಗವಾಗಿ ನಡೆಯುತ್ತಿರುವ ಹಿರಿಯರು ಪರಸ್ಪರ ಕುಶಲಪ್ರಶ್ನೆ ಮಾಡುವಾಗ, ಸಕ್ಕರೆ ಎಷ್ಟಿದೆ ಎಂಬ ಮಾತು ಬಾರದೆ ಇರುವುದು ಅಪರೂಪ. ಅದರ ಹಿಂದೆಯೇ ಮೆಂತ್ಯದ ಮಾತೂ ಬರುವುದು.

ಮೆಂತ್ಯಕ್ಕೆ ಈ ರೋಗದಲ್ಲಿ ಗುಣವಿಲ್ಲವೆಂದು ಯಾರೂ ಹೇಳಲಾರರು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ಡಾಕ್ಟರ್ ಆರ್. ಡಿ. ಶರ್ಮ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯವನ್ನು ಶ್ರಮವಹಿಸಿ ಪರೀಕ್ಷಿಸಿದರು. 1990ರಲ್ಲಿ ಅವರು ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಇನ್ಸುಲಿನ್ನನ್ನೇ ಅವಲಂಬಿಸಿದ ಮಧುಮೇಹಿಗಳಿಗೆ ಕೊಬ್ಬನ್ನು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಮಿನಂತೆ, ಮಧ್ಯಾಹ್ನದ ಊಟದಲ್ಲಿ ಅರ್ಧ, ರಾತ್ರಿಯ ಊಟದಲ್ಲಿ ಅರ್ಧವಾಗಿ, ಹತ್ತು ದಿನಗಳ ಕಾಲ ಕೊಡಲಾಯಿತು. ಅವರ ರಕ್ತದಲ್ಲಿಯ ಸಕ್ಕರೆಯು ತಗ್ಗಿತು. ಇಪ್ಪತ್ತನಾಲ್ಕು ಗಂಟೆಗಳ ಮೂತ್ರದಲ್ಲಿ ಹೊರಬೀಳುವ ಸಕ್ಕರೆಯು ನೂರಕ್ಕೆ 54ರಷ್ಟು ಕಡಮೆಯಾಯಿತು. ರಕ್ತದ ಕೊಬ್ಬಿನಲ್ಲಿಯೂ ಇಳಿತವು ಕಂಡುಬಂದಿತು. ದೋಸೆಯ ಹಿಟ್ಟಿನಲ್ಲಿ ಕಂಡ ಲೋಳೆಯೇ ಇಲ್ಲಿಯೂ ಮುಖ್ಯವಾಗಿ ಕೆಲಸ ಮಾಡುವುದು. ಅದು ಜಠರದಲ್ಲಿ ಅನ್ನವನ್ನು ಆವರಿಸಿ, ಸಕ್ಕರೆಯು ರಕ್ತಕ್ಕೆ ಒಮ್ಮೆಗೇ ನುಗ್ಗದಂತೆ ತಡೆದು ನಿಧಾನವಾಗಿ ಬಿಡುವುದು.

ಇದನ್ನು ಕೇಳಿದವರು ಎರಡು ಸಂಗತಿಗಳನ್ನು ಮರೆಯುವರು. ಮೊದಲನೆಯದು ಪ್ರಮಾಣ. ಪರೀಕ್ಷೆಯಲ್ಲಿ ಕೊಟ್ಟುದು ದಿನಕ್ಕೆ 100 ಗ್ರಾಮು. ಒಂದು ಚಮಚೆ ಮೆಂತ್ಯದ ತೂಕ ನಾಲ್ಕೈದು ಗ್ರಾಮು ಮಾತ್ರ. ಆ ಸಂಸ್ಥೆಯವರು ಬಳಿಕ ಜನಸಾಮಾನ್ಯರಿಗೆ ಸೂಚಿಸಿದ ಪ್ರಮಾಣವೂ ದಿನಕ್ಕೆ 25ರಿಂದ 50 ಗ್ರಾಮಿನವರೆಗೆ. ನಾಲ್ವರ ಮನೆಯಲ್ಲಿ ದೋಸೆಯ ಹಿಟ್ಟಿಗೆ ಹಾಕಿದ ಒಂದು ಚಮಚೆಯಿಂದ ಒಬ್ಬೊಬ್ಬರ ಪಾಲಿಗೆ ಬೀಳುವುದು ಸುಮಾರು ಒಂದು ಗ್ರಾಮು. ಇನ್ನು ಕೆಲವರು ರಾತ್ರಿ ಒಂದು ಚಮಚೆ ಕಾಳನ್ನು ನೀರಿಗೆ ಹಾಕಿ, ಬೆಳಗ್ಗೆ ನೀರನ್ನು ಮಾತ್ರ ಕುಡಿದು ಕಾಳನ್ನು ಚೆಲ್ಲಿಬಿಡುವರು. ಗುಣವೀಯುವ ನಾರಿನಲ್ಲಿ ಬಹುಭಾಗವು ಕಾಳಿನಲ್ಲಿಯೇ ಉಳಿಯುವುದರಿಂದ, ಇವರು ಕಹಿಯನ್ನು ಕುಡಿದು ಔಷಧವನ್ನು ಎಸೆದಂತಾಗುವುದು. ಕುಡಿಯುವುದಾದರೆ ಕಾಳನ್ನೂ ಅಗಿದು ತಿನ್ನಬೇಕು. ಇಲ್ಲವೇ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಊಟಕ್ಕೆ ಮುಂಚೆ ಕುಡಿಯಬೇಕು.

ಎರಡನೆಯ ಸಂಗತಿಯು ಇದಕ್ಕಿಂತಲೂ ಗುರುತರವಾದುದು. ಪರೀಕ್ಷೆಗೆ ಒಳಗಾದವರು ಇನ್ಸುಲಿನ್ನನ್ನು ಬಿಟ್ಟು ಮೆಂತ್ಯವನ್ನು ತಿಂದವರಲ್ಲ. ವೈದ್ಯರ ಕಣ್ಣೆದುರಿನಲ್ಲಿ, ಚಿಕಿತ್ಸೆಯೊಡನೆ ಅದನ್ನು ತಿಂದವರು. ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅರುವತ್ತು ವರ್ಷದ ಯಜಮಾನರು. ಹತ್ತು ವರ್ಷಗಳಿಂದ ಮಾತ್ರೆ ನುಂಗಿ ಬೇಸತ್ತವರು. ಯಾರೋ ಹೇಳಿದರೆಂದು ಮೆಂತ್ಯದ ನೀರನ್ನು ಆರಂಭಿಸುವರು. ಮೊದಲ ವಾರ ಮೈ ಹಗುರವಾದಂತೆ ತೋರುವುದು. ಎರಡನೆಯ ವಾರ ಒಂದು ಮಾತ್ರೆಯನ್ನು ಬಿಡುವರು. ಒಂದು ತಿಂಗಳಲ್ಲಿ ಎಲ್ಲವನ್ನೂ ಬಿಡುವರು. ಮನೆಯಾಕೆಯು ಕೇಳಿದರೆ, “ಇದೂ ಔಷಧವೇ ಅಲ್ಲವೇ?” ಎನ್ನುವರು. ಮಧುಮೇಹವು ಸದ್ದು ಮಾಡುವ ರೋಗವಲ್ಲ. ಅದು ಕಣ್ಣಿನ ನರವನ್ನೂ, ಮೂತ್ರಪಿಂಡವನ್ನೂ, ಪಾದದ ಸ್ಪರ್ಶವನ್ನೂ ಮೆಲ್ಲಮೆಲ್ಲನೆ ತಿನ್ನುವುದು. ಒಂದು ದಿನ ಕಾಲಿನ ಬೆರಳಿನಲ್ಲಿ ನೋವಿಲ್ಲದ ಹುಣ್ಣೊಂದು ಕಾಣಿಸಿಕೊಂಡಾಗ ಮನೆಯವರಿಗೆ ಎಚ್ಚರವಾಗುವುದು. ಅಷ್ಟರಲ್ಲಿ ಕಾಲವು ಮಿಂಚಿರಬಹುದು. ಇಂತಹ ಮನೆಗಳು ಒಂದೆರಡಲ್ಲ.

ಇನ್ಸುಲಿನ್ನಿಂದಲೇ ಬದುಕುವ ಮಕ್ಕಳ ವಿಷಯದಲ್ಲಿ ಈ ತಪ್ಪು ಕೆಲವೇ ದಿನಗಳಲ್ಲಿ ಪ್ರಾಣಾಂತಿಕವಾಗುವುದು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸುವುದಕ್ಕೆ ಮುಂಚೆ ಅಂತಹ ಮಕ್ಕಳು ಬದುಕುಳಿಯುತ್ತಿರಲಿಲ್ಲ. ಆಗಲೂ ಜಗತ್ತಿನಲ್ಲಿ ಮೆಂತ್ಯವಿದ್ದಿತು. ತುತನ್‌ಖಾಮೆನ್ನನ ಕಾಲದಿಂದಲೂ ಇದ್ದಿತು. ಮೆಂತ್ಯವು ಮಾಡಬಲ್ಲ ಕೆಲಸದ ಮೇರೆ ಎಲ್ಲಿಯೆಂಬುದನ್ನು ಇದೊಂದೇ ಸಂಗತಿಯು ಸ್ಪಷ್ಟಪಡಿಸುವುದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮಾತ್ರೆಯನ್ನು ಬಿಡದೆ, ವೈದ್ಯರಿಗೂ ತಿಳಿಸದೆ ಮೆಂತ್ಯವನ್ನು ಹೆಚ್ಚಾಗಿ ತಿಂದರೆ, ಎರಡೂ ಸೇರಿ ಸಕ್ಕರೆಯು ಮಿತಿಮೀರಿ ಇಳಿಯಬಹುದು. ಆಗ ಬೆವರು, ನಡುಕ, ತಲೆಸುತ್ತುಗಳು ತೋರುವುವು. ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಮೊದಲಾದ ಔಷಧವನ್ನು ಸೇವಿಸುವ ಹೃದ್ರೋಗಿಗಳು ಮೆಂತ್ಯವನ್ನು ಔಷಧದ ಪ್ರಮಾಣದಲ್ಲಿ ತಿನ್ನುವ ಮುನ್ನ ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರಿಗೆ ಅಡಿಗೆಯಲ್ಲಿಯ ಮೆಂತ್ಯದಿಂದ ಬಾಧಕವಿಲ್ಲ. ಆದರೆ ಹೆಚ್ಚಿನ ಪ್ರಮಾಣವು ಗರ್ಭಕೋಶವನ್ನು ಉದ್ರೇಕಿಸಬಹುದಾದುದರಿಂದ ಅದನ್ನು ವರ್ಜಿಸತಕ್ಕುದು. ಕಡಲೆಕಾಯಿ ಅಥವಾ ಕಡಲೆ ಒಗ್ಗದವರಲ್ಲಿ ಕೆಲವರಿಗೆ ಅದೇ ವರ್ಗದ ಮೆಂತ್ಯವೂ ಒಗ್ಗದು. ಲೋಳೆಯು ಇತರ ಔಷಧಗಳು ರಕ್ತಕ್ಕೆ ಸೇರುವುದನ್ನೂ ತಡಮಾಡಬಲ್ಲುದಾದುದರಿಂದ, ಮಾತ್ರೆಗೂ ಮೆಂತ್ಯಕ್ಕೂ ನಡುವೆ ಒಂದೆರಡು ಗಂಟೆಯ ಅಂತರವಿರುವುದು ಲೇಸು. ಮೊದಮೊದಲು ಹೊಟ್ಟೆಯುಬ್ಬರ, ಭೇದಿಗಳಾಗುವುದೂ ಉಂಟು; ಆದ ಕಾರಣ ಸ್ವಲ್ಪದಿಂದಲೇ ಆರಂಭಿಸಬೇಕು.

ಮೊಳಕೆಯ ವಿಷಯದಲ್ಲಿ ಶುಚಿತ್ವವು ಮುಖ್ಯ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆಗಳನ್ನು ತಿಂದ ಸಾವಿರಾರು ಮಂದಿ ಭಯಂಕರವಾದ ಭೇದಿಗೆ ತುತ್ತಾದರು. ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಈಜಿಪ್ಟಿನಿಂದ ತರಿಸಿದ ಮೆಂತ್ಯದ ಬೀಜದೊಡನೆ ಬಂದ ರೋಗಾಣುವೇ ಅದಕ್ಕೆ ಮೂಲವೆಂದು ವಿಚಾರಣೆಯಿಂದ ತಿಳಿದುಬಂದಿತು. ಮೊಳಕೆಗೆ ಬೇಕಾದ ತೇವವೂ ಬೆಚ್ಚನೆಯೂ ರೋಗಾಣುವಿಗೂ ಪ್ರಿಯವಾದುವು. ಆದುದರಿಂದ ಮೊಳಕೆ ಬಂದ ಮೆಂತ್ಯವನ್ನು ಒಂದು ಕುದಿ ಬೇಯಿಸಿ ಇಲ್ಲವೇ ಒಗ್ಗರಣೆಯಲ್ಲಿ ಬಾಡಿಸಿ ತಿನ್ನುವುದೇ ಕ್ಷೇಮ; ಎಳೆಯ ಮಕ್ಕಳಿಗೂ ವೃದ್ಧರಿಗೂ ಇದು ಇನ್ನೂ ಅವಶ್ಯಕ. ಹಸಿಯಾಗಿ ನಂಚಿಕೊಳ್ಳುವ ಸೊಪ್ಪನ್ನಾದರೂ ಉಪ್ಪುನೀರಿನಲ್ಲಿ ಮೂರು ನಾಲ್ಕು ಸಲ ಜಾಲಿಸಿ ತೊಳೆಯತಕ್ಕುದು.

ಹೀಗಾದರೆ ಮೆಂತ್ಯದ ನಿಜವಾದ ಸ್ಥಾನವೆಲ್ಲಿ? ಅದು ಅಡಿಗೆಮನೆಯಲ್ಲಿಯೇ. ಹಿರಿಯರು ಅದನ್ನು ಒಂದು ದಿನ ಹಿಡಿಗಟ್ಟಲೆ ತಿಂದು ಮರುದಿನ ಮರೆಯಲಿಲ್ಲ. ಸೋಮವಾರದ ದೋಸೆಯಲ್ಲಿ ಸ್ವಲ್ಪ, ಮಂಗಳವಾರದ ಹುಳಿಯಲ್ಲಿ ಸ್ವಲ್ಪ, ಬುಧವಾರ ಸೊಪ್ಪಿನ ಪಲ್ಯ, ಗುರುವಾರ ತಂಬುಳಿ, ಹೀಗೆ ವರ್ಷದುದ್ದಕ್ಕೂ ಅದನ್ನು ಅನ್ನದಲ್ಲಿ ಬೆರಸಿಟ್ಟರು. ರೊಟ್ಟಿ, ಮುದ್ದೆ, ಕಾಳು, ಸೊಪ್ಪುಗಳ ಊಟದಲ್ಲಿ ನಾರಿಗೆ ಕೊರತೆಯಿರಲಿಲ್ಲ. ಮೈಮುರಿದು ದುಡಿಯುವ ಕಾಯಕವೂ ಇದ್ದಿತು. ನಗರವು ಬೆಳೆದಂತೆ ಬಿಳಿಯ ಅಕ್ಕಿಯೂ ಮೈದಾಹಿಟ್ಟೂ ಸಕ್ಕರೆಯೂ ತಟ್ಟೆಯನ್ನು ತುಂಬಿದುವು, ಕಹಿಯು ಹಿಂದೆ ಸರಿಯಿತು, ನಡಿಗೆಯು ನಿಂತಿತು. ತಟ್ಟೆಯಲ್ಲಿ ಕಳೆದುಹೋದುದನ್ನು ಬೆಳಗಿನ ಒಂದು ಲೋಟ ನೀರಿನಲ್ಲಿ ಮರಳಿ ಪಡೆಯುವೆವೆಂದು ಆಶಿಸುವುದು ಸುಲಭ, ಪಡೆಯುವುದು ಸುಲಭವಲ್ಲ.

ಆದುದರಿಂದ ಮನೆಯ ತಾಯಂದಿರು ಪಾಲಿಸಬಹುದಾದ ಕ್ರಮವು ಇಷ್ಟು. ವಾರಕ್ಕೆ ಎರಡು ಮೂರು ಸಲವಾದರೂ ಮೆಂತ್ಯಸೊಪ್ಪು ಮನೆಗೆ ಬರಲಿ. ಕಾಳು ದೋಸೆಯಲ್ಲಿ, ಪುಡಿಯಲ್ಲಿ, ಗೊಜ್ಜಿನಲ್ಲಿ ನಿತ್ಯವೂ ಇರಲಿ. ಮಕ್ಕಳಿಗೆ ಎಳವೆಯಿಂದಲೇ ಸ್ವಲ್ಪ ಕಹಿಯನ್ನು ರೂಢಿ ಮಾಡಿಸಬೇಕು. ಅಕ್ಕಿರೊಟ್ಟಿಯಲ್ಲಿ ಸೇರಿದ ಸೊಪ್ಪನ್ನು ಬೇಡವೆನ್ನುವ ಮಕ್ಕಳು ವಿರಳ. ಮಧುಮೇಹವಿರುವವರು ಮೆಂತ್ಯವನ್ನು ಹೆಚ್ಚಿಸಬಯಸಿದರೆ ಹೆಚ್ಚಿಸಲಿ. ಆದರೆ ಅದನ್ನು ತಮ್ಮ ವೈದ್ಯರಿಗೆ ತಿಳಿಸಲಿ, ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಲಿ, ಮಾತ್ರೆಯನ್ನು ಕಡಮೆ ಮಾಡುವ ಅಧಿಕಾರವನ್ನು ವೈದ್ಯರಿಗೇ ಬಿಡಲಿ. ದಾಸೋಹದ ಪಾಕಶಾಲೆಗಳಲ್ಲಿಯೂ ಹುಳಿಯೊಡನೆ ಸೊಪ್ಪಿನ ಪಲ್ಯವೊಂದು ತಪ್ಪದೆ ಇದ್ದರೆ, ಪಂಕ್ತಿಯಲ್ಲಿ ಕುಳಿತ ನೂರಾರು ಮಂದಿಗೆ ಪ್ರಸಾದದ ಜೊತೆಗೆ ಪಥ್ಯವೂ ದೊರೆತಂತಾಗುವುದು.

ಕಹಿಯನ್ನು ಕಹಿಯೆಂದು ತಳ್ಳುವುದೂ ಅವಿವೇಕ. ಕಹಿಯಾದ ಮಾತ್ರಕ್ಕೆ ಅದೇ ಔಷಧವೆಂದು ಪೂಜಿಸುವುದೂ ಅವಿವೇಕ. ಹದವರಿತು ಹುರಿದ ಮೆಂತ್ಯವು ಪರಿಮಳವನ್ನು ಬೀರುವುದು. ಹದ ತಪ್ಪಿದರೆ ಅದೇ ಕಾಳು ಇಡೀ ಅಡಿಗೆಯನ್ನು ಕೆಡಿಸುವುದು. ಅಡಿಗೆಯಲ್ಲಿ ಈ ಹದವನ್ನು ಬಲ್ಲ ತಾಯಂದಿರೇ ಮನೆಯ ಹಿರಿಯರ ಔಷಧದ ವಿಷಯದಲ್ಲಿಯೂ ಅದನ್ನು ಕಾಯ್ದುಕೊಂಡರೆ, ಎಷ್ಟೋ ಮನೆಗಳಲ್ಲಿ ಕಣ್ಣುಗಳೂ ಕಾಲುಗಳೂ ಪ್ರಾಣಗಳೂ ಉಳಿಯುವುವು.